ಹತ್ತುವಾಗ ಒಳ್ಳೆಯ ಕಾಲು, ಇಳಿಯುವಾಗ ನೋವಿನ ಕಾಲು

(ಮೇ 1ರಂದು ಲಾರಿ ಚಾಲಕರು, ಹಮಾಲರು ಮತ್ತು ಟ್ರ್ಯಾಕ್ಟರ್ ಕೂಲಿ ಕೆಲಸಗಾರರ ಸಭೆಯಲ್ಲಿ ನಮ್ಮ ಸಮಾಜ ಸೇವಾ ಸಂಸ್ಥೆಯ ಪರವಾಗಿ ಮಾಡಿದ ಭಾಷಣ)



ಇವತ್ತು ಲೋಕಕ್ಕೆಲ್ಲ ಕಾರ್ಮಿಕರ ದಿನ. ಧರ್ಮಸಭೆಗೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಈ ಹಬ್ಬವನ್ನು ಮೇ 1ಕ್ಕೆ ಗೊತ್ತು ಮಾಡಿದರು. ಈ ದಿನ ಕೂಲಿ, ಬೋನಸ್, ಕಾನೂನು ಅಂತ ದೊಡ್ಡ ವಿಷಯ ಮಾತಾಡೋದು ವಾಡಿಕೆ. ನಾವು ಆರಿಸಿಕೊಂಡಿರೋದು ಚಿಕ್ಕ ವಿಷಯ. ಲಾರಿ ಮೇಲೆ, ಟ್ರೇಲರ್ ಮೇಲೆ ಹತ್ತೋದು ಹೇಗೆ, ಇಳಿಯೋದು ಹೇಗೆ? ಅದರಲ್ಲೂ ಮಂಡಿ ಸವೆದವರು, ಸೊಂಟ ಹಿಡಿದವರು, ಚಿಕ್ಕಂದಿನಲ್ಲಿ ಪೋಲಿಯೋ ಆದವರು, ಕೃತಕ ಕಾಲು ಹಾಕಿಕೊಂಡವರು, ಅರವತ್ತು ದಾಟಿದವರು ಬೀಳದ ಹಾಗೆ ಹತ್ತಿ ಇಳಿಯೋದು ಹೇಗೆ?

"ಇದನ್ನೂ ಹೇಳಿಕೊಡಬೇಕಾ? ಇಪ್ಪತ್ತು ವರ್ಷದಿಂದ ಹತ್ತುತ್ತಾ ಇದ್ದೀವಿ" ಅಂತ ನಿಮಗೆ ಅನ್ನಿಸಬಹುದು. ನಿಜ. ಆದರೆ ಇಪ್ಪತ್ತು ವರ್ಷದ ಹಿಂದಿನ ಮಂಡಿ ಈಗ ಇಲ್ಲ. ಲಾರಿ ಮಾತ್ರ ಅಷ್ಟೇ ಎತ್ತರ ಇದೆ.

ಎಂಟು ಮೆಟ್ಟಿಲನ್ನು ಎರಡು ಹೆಜ್ಜೆಯಲ್ಲಿ

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಸಾಮಾನ್ಯ ಲಾರಿಯ ಬಾಡಿಯ ತಳ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತೆ. ಕೆಲವದರಲ್ಲಿ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಮೆಟ್ಟಿಲು ಕಟ್ಟಿದರೆ ಒಂದೊಂದು ಮೆಟ್ಟಿಲು ಆರು ಇಂಚು ಆಸುಪಾಸು ಇರುತ್ತೆ. ಅಂದರೆ ನಾಲ್ಕು ಅಡಿಗೆ ಎಂಟು ಮೆಟ್ಟಿಲು ಬೇಕು. ನಾವು ಏನು ಮಾಡ್ತೀವಿ? ಒಂದು ಕಾಲು ಟೈರ್ ಮೇಲೆ, ಒಂದು ಕಾಲು ಬಾಡಿ ಮೇಲೆ. ಎಂಟು ಮೆಟ್ಟಿಲ ಕೆಲಸ ಎರಡು ಹೆಜ್ಜೆಯಲ್ಲಿ ಮುಗಿಸ್ತೀವಿ.

ಸಾಧಾರಣ ಮೆಟ್ಟಿಲು ಹತ್ತುವಾಗಲೇ ಮಂಡಿಯ ಮೇಲೆ ನಮ್ಮ ತೂಕದ ಸುಮಾರು ಮೂರು ಪಟ್ಟು ಭಾರ ಬೀಳುತ್ತೆ. ಅರವತ್ತು ಕಿಲೋ ತೂಕದ ಮನುಷ್ಯನಿಗೆ ಅದು ನೂರ ಎಂಬತ್ತು ಕಿಲೋ ಆಯ್ತು. ಇಳಿಯುವಾಗ ಹತ್ತುವಾಗಿಗಿಂತ ಸ್ವಲ್ಪ ಹೆಚ್ಚೇ. ಎರಡು ಅಡಿ ಎತ್ತರಕ್ಕೆ ಕಾಲು ಎತ್ತಿಟ್ಟು ಮೈ ಮೇಲೆಳೆಯೋದು, ಮೇಲಿಂದ ದುಡುಂ ಅಂತ ಹಾರೋದು, ಇವೆಲ್ಲ ಮಂಡಿಗೆ, ಹಿಮ್ಮಡಿಗೆ, ಬೆನ್ನುಮೂಳೆಗೆ ಕೊಡುವ ಪೆಟ್ಟು ಇನ್ನೂ ದೊಡ್ಡದು. ದಿನಕ್ಕೆ ಎಷ್ಟು ಸಲ ಹತ್ತಿ ಇಳಿತೀರಿ ಅಂತ ನೀವೇ ಎಣಿಸಿ ನೋಡಿ.

ಆದ್ದರಿಂದ ಮಂಡಿ ನೋವು ಬಂದವನು ಸೋಮಾರಿ ಅಲ್ಲ, ಅವನ ಕಾಲು ಕೆಟ್ಟದ್ದೂ ಅಲ್ಲ. ಗಾಡಿಗೆ ಮೆಟ್ಟಿಲಿಲ್ಲ. ಅಷ್ಟೇ. ಮೆಟ್ಟಿಲು, ಹಿಡಿ, ಸರಿಯಾದ ಕ್ರಮ ಇದ್ದರೆ ಕಾಲು ಬಲ ಕಡಿಮೆ ಇರುವವರೂ ಇನ್ನೆಷ್ಟೋ ವರ್ಷ ಇದೇ ಕೆಲಸ ಮಾಡಬಹುದು. ಇವತ್ತು ನಾವು ಹೇಳಬೇಕಾಗಿರೋದು ಇದೇ.

ಹೇಳಿಕೊಳ್ಳದ ನೋವು

ಯಾರ್ಡಿನಲ್ಲಿ ನಾವು ಆರೋಗ್ಯ ತಪಾಸಣೆ ಮಾಡುವಾಗ "ನೋವಿದೆಯಾ?" ಅಂತ ಕೇಳಿದರೆ, "ಏನೂ ಇಲ್ಲ ಸಾರ್" ಅನ್ನುವವರೇ ಜಾಸ್ತಿ. ಪಕ್ಕದಲ್ಲಿ ಮೇಸ್ತ್ರಿ ನಿಂತಿರ್ತಾರೆ. ಮಂಡಿ ನೋವು ಅಂದರೆ ನಾಳೆ ಗ್ಯಾಂಗಿಗೆ ಕರೆಯಲ್ಲ ಅನ್ನೋ ಭಯ. ಚಾಲಕನಿಗೂ ಅದೇ ಭಯ, ಮಾಲೀಕರು ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟುಬಿಟ್ಟರೆ ಅಂತ. ಮಗಳ ಫೀಸು, ಮನೆ ಬಾಡಿಗೆ, ಸಂಘದ ಸಾಲದ ಕಂತು ಎಲ್ಲ ಆ ಎರಡು ಮಂಡಿಯ ಮೇಲೆ ನಿಂತಿದೆ. ಹಾಗಾಗಿ ನೋವು ನುಂಗಿಕೊಂಡು ಹತ್ತುತ್ತಾರೆ. ಒಂದು ದಿನ ಕೈ ಜಾರುತ್ತೆ. ನಾಲ್ಕು ಅಡಿಯಿಂದ ತಲೆಕೆಳಗಾಗಿ ಬಿದ್ದರೂ ಕುತ್ತಿಗೆ ಮುರಿಯಲು ಸಾಕು.

ಮೇಸ್ತ್ರಿಗಳಿಗೆ, ಮಾಲೀಕರಿಗೆ ಒಂದು ಮಾತು. ನೋವು ಹೇಳಿಕೊಂಡವನನ್ನು ಬಿಡಿಸಿದರೆ, ಉಳಿದವರೆಲ್ಲ ನೋವು ಮುಚ್ಚಿಡೋದನ್ನು ಕಲೀತಾರೆ. ಆಮೇಲೆ ನಿಮ್ಮ ಗಾಡಿಯಿಂದ ಯಾರು ಯಾವಾಗ ಬೀಳ್ತಾರೆ ಅಂತ ನಿಮಗೂ ಗೊತ್ತಾಗಲ್ಲ.

ಮೂರು ಆಸರೆ

ಮೊದಲ ನಿಯಮ ಮೂರು ಆಸರೆ. ನಮಗೆ ಎರಡು ಕೈ, ಎರಡು ಕಾಲು, ಒಟ್ಟು ನಾಲ್ಕು. ಹತ್ತುವಾಗ, ಇಳಿಯುವಾಗ ಯಾವಾಗಲೂ ಮೂರು ಗಾಡಿಯ ಮೇಲೆ ಗಟ್ಟಿಯಾಗಿ ಇರಬೇಕು. ಒಂದು ಮಾತ್ರ ಕದಲಬೇಕು. ಎರಡು ಕೈ ಹಿಡಿದಿರಲಿ, ಒಂದು ಕಾಲು ಊರಿರಲಿ, ಇನ್ನೊಂದು ಕಾಲು ಮೇಲೆ ಹೋಗಲಿ. ಆಮೇಲೆ ಎರಡು ಕಾಲು ಊರಿ, ಒಂದು ಕೈ ಹಿಡಿದು, ಇನ್ನೊಂದು ಕೈ ಮೇಲೆ ಹೋಗಲಿ. ಒಂದು ಜಾರಿದರೂ ಎರಡು ಹಿಡಿದಿರುತ್ತೆ.

ಈ ನಿಯಮ ಪಾಲಿಸಬೇಕಾದರೆ ಕೈ ಖಾಲಿ ಇರಬೇಕು. ಮೊಬೈಲು, ಟಿಫಿನ್ ಡಬ್ಬಿ, ನೀರಿನ ಬಾಟ್ಲಿ, ಹಗ್ಗದ ಸುರುಳಿ ಯಾವುದೂ ಕೈಯಲ್ಲಿ ಬೇಡ. ಮೊದಲು ಅದನ್ನು ಬಾಡಿ ಮೇಲಿಡಿ, ಇಲ್ಲ ಇನ್ನೊಬ್ಬರ ಕೈಗೆ ಕೊಡಿ. ಐವತ್ತು ಕಿಲೋ ಸಿಮೆಂಟ್ ಚೀಲ ಬೆನ್ನ ಮೇಲೆ ಹೊತ್ತು ಟೈರ್ ಮೇಲೆ ಕಾಲಿಡೋದು ಯಾವ ಗಟ್ಟಿ ಕಾಲಿನವರಿಗೂ ಸರಿಯಲ್ಲ. ಚೀಲ ಬೇರೆ ದಾರಿಯಲ್ಲಿ ಹೋಗಲಿ, ಮನುಷ್ಯ ಬೇರೆ ದಾರಿಯಲ್ಲಿ ಹೋಗಲಿ.

ಮುಖ ಯಾವಾಗಲೂ ಗಾಡಿಯ ಕಡೆಗೇ ಇರಲಿ. ಇಳಿಯುವಾಗಲೂ ಅಷ್ಟೇ, ಏಣಿ ಇಳಿಯುವ ಹಾಗೆ ಹಿಮ್ಮುಖವಾಗಿ ಇಳಿಯಿರಿ. ಬಸ್ಸಿಂದ ಇಳಿಯುವ ಹಾಗೆ ಮುಂದಕ್ಕೆ ಮುಖ ಮಾಡಿ ಇಳಿದರೆ ಹಿಡಿಯಲು ಏನೂ ಸಿಗಲ್ಲ. ಹಾರೋದಂತೂ ಬೇಡವೇ ಬೇಡ.

ಯಾವ ಕಾಲು ಮೊದಲು?

ಭಾಷಣದ ತಲೆಬರಹವೇ ಇದಕ್ಕೆ ಉತ್ತರ. ಒಂದು ಕಾಲಿನಲ್ಲಿ ನೋವು ಅಥವಾ ಬಲ ಕಡಿಮೆ ಇರುವವರು ಹತ್ತುವಾಗ ಒಳ್ಳೆಯ ಕಾಲು ಮೊದಲು ಇಡಬೇಕು. ಅದು ಮೈಯನ್ನು ಮೇಲೆತ್ತುತ್ತೆ. ನೋವಿನ ಕಾಲು ಹಿಂದಿನಿಂದ ಅದೇ ಮೆಟ್ಟಿಲಿಗೆ ಬಂದು ಸೇರಬೇಕು. ಇಳಿಯುವಾಗ ನೋವಿನ ಕಾಲು ಮೊದಲು ಕೆಳಗೆ ಹೋಗಲಿ. ಆಗ ಮೇಲೆ ಉಳಿದ ಒಳ್ಳೆಯ ಕಾಲೇ ಮೈಯನ್ನು ನಿಧಾನವಾಗಿ ಇಳಿಸುತ್ತೆ. ಒಂದು ಮೆಟ್ಟಿಲಲ್ಲಿ ಎರಡೂ ಪಾದ ಸೇರಿದ ಮೇಲೆ ಮುಂದಿನ ಮೆಟ್ಟಿಲು. ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಯವರು ಹೇಳಿಕೊಡೋದೂ ಇದನ್ನೇ. ಎರಡೂ ಮಂಡಿ ನೋವಿದ್ದರೆ ಯಾವುದು ಕಡಿಮೆ ನೋವೋ ಅದನ್ನು ಒಳ್ಳೆಯ ಕಾಲು ಅಂತ ಇಟ್ಟುಕೊಳ್ಳಿ.

ಚಾಲಕರಿಗೆ ಒಂದು ಸೂಚನೆ. ನಾಲ್ಕೈದು ಗಂಟೆ ಓಡಿಸಿದ ಮೇಲೆ ಕಾಲು ಮರಗಟ್ಟಿರುತ್ತೆ. ಗಾಡಿ ನಿಲ್ಲಿಸಿದ ಕೂಡಲೇ ಇಳಿಯಬೇಡಿ. ಸೀಟಿನಲ್ಲೇ ಕೂತು ಪಾದ ಮೇಲೆ ಕೆಳಗೆ ಆಡಿಸಿ, ಮಂಡಿ ಮಡಚಿ ಬಿಡಿಸಿ, ಎರಡು ನಿಮಿಷ ಆದ ಮೇಲೆ ಇಳಿಯಿರಿ. ಕ್ಯಾಬಿನ್ ಹತ್ತುವಾಗ ಸ್ಟೇರಿಂಗ್ ಹಿಡಿದು ಮೈ ಎಳೆಯಬೇಡಿ, ಅದು ತಿರುಗುತ್ತೆ. ಬಾಗಿಲು ಹಿಡಿದು ಜೋತು ಬೀಳಬೇಡಿ, ಅದು ತೂಗುತ್ತೆ. ಬಾಡಿಗೆ ಕೂರಿಸಿರುವ ಹಿಡಿಯನ್ನೇ ಹಿಡಿಯಿರಿ.

ಹತ್ತುವ ಮೊದಲು ನೋಡಬೇಕಾದ್ದು

ಗಾಡಿ ನಿಂತಿದೆಯೋ ಇಲ್ಲವೋ ಅನ್ನೋದು ಮೊದಲನೇ ಪ್ರಶ್ನೆ. ಎಂಜಿನ್ ಆಫ್ ಆಗಿರಬೇಕು, ಹ್ಯಾಂಡ್ ಬ್ರೇಕ್ ಹಾಕಿರಬೇಕು, ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಮೇಲೆ ಜನ ಇದ್ದಾರೆ ಅಂತ ಚಾಲಕನಿಗೆ ಗೊತ್ತಿರಬೇಕು. "ನಾನು ಹತ್ತುತ್ತಾ ಇದ್ದೀನಿ ಅಣ್ಣ" ಅಂತ ಕೂಗಿ ಹೇಳಿ, ಅವರು "ಹತ್ತು" ಅಂದ ಮೇಲೆ ಹತ್ತಿ.

ಎರಡನೆಯದು ಕಾಲಿಡುವ ಜಾಗ. ಟೈರ್ ದುಂಡಗಿರುತ್ತೆ, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಚಕ್ರದ ನಟ್ಟುಗಳ ಮೇಲೆ ಕಾಲಿಟ್ಟರೆ ಪಾದದ ತುದಿಯಷ್ಟೇ ಕೂರುತ್ತೆ. ಗ್ರೀಸು, ಡೀಸೆಲ್ಲು, ಉದುರಿದ ಜೋಳ ಭತ್ತ ಎಲ್ಲ ಜಾರಿಸುವಂಥವು. ಒಂದು ಹಳೇ ಗೋಣಿಚೀಲದಿಂದ ಒರೆಸಿ ಹತ್ತಿ.

ಮೂರನೆಯದು ಹಿಡಿಯುವ ಜಾಗ. ಲೋಡಿಗೆ ಕಟ್ಟಿದ ಹಗ್ಗ ಹಿಡಿದು ಹತ್ತಬೇಡಿ, ಗಂಟು ಬಿಚ್ಚಿಕೊಂಡರೆ ಹಗ್ಗದ ಜೊತೆ ನೀವೂ ಕೆಳಗೆ. ಹಿಂದಿನ ಡೋರಿನ ಸರಪಳಿ, ಕೊಂಡಿ ಹಿಡಿಯಬೇಡಿ. ಬೆರಳಲ್ಲಿ ಉಂಗುರ ಇದ್ದರೆ ತೆಗೆದು ಜೇಬಿಗೆ ಹಾಕಿ. ಇಳಿಯುವಾಗ ಉಂಗುರ ಕೊಕ್ಕೆಗೆ ಸಿಕ್ಕಿ ಬೆರಳೇ ಕಿತ್ತು ಬರಬಹುದು. ತಾರ್ಪಾಲಿನ ಮೇಲೆ ನಡೆಯೋದು ಇನ್ನೂ ಅಪಾಯ. ಕೆಳಗೆ ಚೀಲ ಇದೆಯೋ ಸಂದು ಇದೆಯೋ ಕಾಣಲ್ಲ, ಮಳೆ ಬಿದ್ದರೆ ಜಾರುತ್ತೆ. ಕಾಲು ಬಲ ಇಲ್ಲದವರು ತಾರ್ಪಾಲ್ ಹೊದಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಕೆಳಗಿನಿಂದ ಹಗ್ಗ ಬಿಗಿಯುವ ಕೆಲಸ ಮಾಡಲಿ.

ಕೊನೆಯದಾಗಿ ಕಾಲಲ್ಲಿ ಏನಿದೆ ನೋಡಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ. ಹಿಮ್ಮಡಿಗೆ ಪಟ್ಟಿ ಇರುವ, ತಳ ಸವೆಯದ ಪಾದರಕ್ಷೆ ಬೇಕು. ಲುಂಗಿ ಇದ್ದರೆ ಬಿಗಿಯಾಗಿ ಎತ್ತಿ ಕಟ್ಟಿ.

ಗಾಡಿಗೊಂದು ಮೆಟ್ಟಿಲು

ಗಾಲಿಕುರ್ಚಿಗೆ ಇಳಿಜಾರು ದಾರಿ ಮಾಡುವ ಲೆಕ್ಕ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಾಲ್ಕು ಅಡಿ ಎತ್ತರದ ಲಾರಿಗೆ ನಲವತ್ತೆಂಟು ಅಡಿ ಬೇಕು. ಗಾಡಿಗೆ ಅದನ್ನು ಕಟ್ಟಿಕೊಂಡು ಓಡಾಡಲು ಆಗಲ್ಲ. ಆದರೆ ಮೆಟ್ಟಿಲು ಆಗುತ್ತೆ, ಅದೂ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತೆ.

ಹೀಗೆ ಮಾಡಿಸಿ. ಮೊದಲನೇ ಮೆಟ್ಟಿಲು ನೆಲದಿಂದ ಒಂದು ಅಡಿಗಿಂತ ಹೆಚ್ಚು ಎತ್ತರ ಬೇಡ. ಮೆಟ್ಟಿಲ ನಡುವಿನ ಅಂತರ ಎಲ್ಲ ಕಡೆ ಒಂದೇ ಇರಲಿ, ಒಂದು ಅಡಿಗೆ ಮೀರದಿರಲಿ. ಒಂದು ಮೆಟ್ಟಿಲಲ್ಲಿ ಎರಡು ಪಾದ ಜೊತೆಯಾಗಿ ಕೂರುವಷ್ಟು ಅಗಲ ಇರಲಿ. ಬರೀ ರಾಡ್ ಬೇಡ, ಪಾದದ ಅರ್ಧಕ್ಕಿಂತ ಹೆಚ್ಚು ಕೂರುವ ಚೆಕ್ಕರ್ ಪ್ಲೇಟ್ ಹಾಕಿಸಿ. ಎರಡೂ ಪಕ್ಕ ಮುಷ್ಟಿಗೆ ಸರಿಯಾಗಿ ಸಿಗುವ ಪೈಪಿನ ಹಿಡಿ ಇರಲಿ. ಆ ಹಿಡಿ ಬಾಡಿಯ ತಳದಿಂದ ಮೇಲಕ್ಕೂ ಸೊಂಟದ ಎತ್ತರದವರೆಗೆ ಬರಬೇಕು. ಯಾಕೆಂದರೆ ಕೊನೆಯ ಹೆಜ್ಜೆಯಲ್ಲಿ, ಮೇಲೆ ಹಿಡಿಯಲು ಏನೂ ಇಲ್ಲದೆ ಕೈ ತಡಕಾಡುವಾಗ ಜನ ಬೀಳಬಹುದು.

ಮೆಟ್ಟಿಲು ಓಡುವಾಗ ನೆಲಕ್ಕೆ ತಾಗದ ಹಾಗೆ ಮಡಚುವಂತಿರಲಿ, ಗಾಡಿಯ ಅಳತೆಯಿಂದ ಹೊರಗೆ ಚಾಚದಿರಲಿ, ಹಿಂದಿನ ದೀಪ, ನಂಬರ್ ಪ್ಲೇಟ್ ಮುಚ್ಚದಿರಲಿ. ಚಾಸಿಸ್‌ಗೆ ವೆಲ್ಡ್ ಮಾಡಿಸಬೇಡಿ, ಚಾಸಿಸ್ ಬಲ ಕಳಕೊಳ್ಳುತ್ತೆ. ಬಾಡಿಯ ಚೌಕಟ್ಟಿಗೆ ಹಾಕಿಸಿ. ವೆಲ್ಡಿಂಗ್ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ.

ಗಾಡಿಗೆ ಹಾಕಿಸಲು ಆಗದಿದ್ದರೆ ಏಣಿ ಇಟ್ಟುಕೊಳ್ಳಿ. ಏಣಿ ನಾಲ್ಕು ಅಡಿ ಮೇಲೆ ಹೋದರೆ ಬುಡ ಒಂದು ಅಡಿ ಹೊರಗಿರಬೇಕು. ಮೇಲ್ತುದಿ ಬಾಡಿಯ ತಳದಿಂದ ಮೂರು ಅಡಿ ಮೇಲೆ ಬಂದಿರಬೇಕು. ಮೇಲೆ ಕೊಕ್ಕೆ ಹಾಕಿ, ಇಲ್ಲ ಒಬ್ಬರು ಬುಡ ಹಿಡಿದಿರಿ.

ಯಾರ್ಡಿನವರಿಗೆ ನಮ್ಮದೊಂದು ಕೋರಿಕೆ ಇದೆ. ಎಂಟು ಇಂಚಿನ ಅಂತರದ ಮೆಟ್ಟಿಲು, ಎರಡು ಕಡೆ ಹಿಡಿ, ಲಾಕ್ ಆಗುವ ಚಕ್ರ ಇರುವ ಒಂದು ಸ್ಟ್ಯಾಂಡ್ ಮಾಡಿಸಿ. ಬಂದ ಲಾರಿಗೆಲ್ಲ ಅದನ್ನು ತಳ್ಳಿಕೊಂಡು ಹೋಗಬಹುದು. ಎತ್ತರದ ಕಟ್ಟೆ ಇರುವ ಗೋದಾಮುಗಳಲ್ಲಿ ಲಾರಿಯನ್ನು ಕಟ್ಟೆಗೆ ಹಿಮ್ಮುಖ ನಿಲ್ಲಿಸಿ ಗಟ್ಟಿ ಹಲಗೆ ಹಾಕಿದರೆ ಹತ್ತುವ ಪ್ರಶ್ನೆಯೇ ಇಲ್ಲ. ಹಲಗೆಗೆ ಅಡ್ಡ ಪಟ್ಟಿ ಹೊಡೆದಿರಿ, ಎರಡೂ ತುದಿ ಜಾರದ ಹಾಗೆ ಭದ್ರ ಮಾಡಿ.

ಕೋಲು, ಕ್ಯಾಲಿಪರ್, ಕೃತಕ ಕಾಲು

ಕೋಲು ಹಿಡಿದು ನಡೆಯುವವರು ಕೋಲು ಹಿಡಿದೇ ಹತ್ತಬೇಡಿ. ಅದನ್ನು ಮೊದಲು ಮೇಲಿಡಿ. ಇಳಿಯುವಾಗ ಕೆಳಗಿನವರ ಕೈಗೆ ಮೊದಲೇ ಕೊಡಿ. ಪೋಲಿಯೋ ಕಾಲಿಗೆ ಕ್ಯಾಲಿಪರ್ ಹಾಕುವವರು ಭಾರ ಬಿಡುವ ಮೊದಲು ಮಂಡಿಯ ಲಾಕ್ ಬಿದ್ದಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಜೈಪುರ ಕಾಲು ಅಥವಾ ಬೇರೆ ಕೃತಕ ಕಾಲು ಹಾಕಿದವರಿಗೆ ಪಾದ ಎಲ್ಲಿ ಕೂತಿದೆ ಅಂತ ಕಾಲು ಹೇಳಲ್ಲ, ಕಣ್ಣೇ ಹೇಳಬೇಕು. ಪ್ರತಿ ಹೆಜ್ಜೆಯೂ ನೋಡಿ ಇಡಿ. ಕತ್ತಲಾದರೆ ಲೈಟ್ ಹಾಕಿಸಿಕೊಂಡೇ ಹತ್ತಿ.

ಮಂಡಿ ಮಡಚಲು ಆಗದವರಿಗೆ ಕೂತು ಹತ್ತುವ ಕ್ರಮ ಇದೆ. ಮೆಟ್ಟಿಲ ಸ್ಟ್ಯಾಂಡಿನ ಮೇಲೆ ನಿಂತು, ಹಿಡಿ ಹಿಡಿದು, ಬಾಡಿಯ ಅಂಚಿಗೆ ಬೆನ್ನು ಮಾಡಿ ಕೂರಿ. ಕೈ ಊರಿ ಹಿಂದಕ್ಕೆ ಸರಿಯಿರಿ. ಆಮೇಲೆ ಕಾಲು ಒಳಗೆ ತಿರುಗಿಸಿ. ಇದರಲ್ಲಿ ನಾಚಿಕೆ ಏನಿಲ್ಲ.

ಸಹಾಯ ಮಾಡುವವರು ಮೊದಲು ಕೇಳಿ: "ಯಜಮಾನ್ರೇ, ಎಲ್ಲಿ ಹಿಡೀಲಿ?" ಹೇಗೆ ಅನುಕೂಲ ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು. ಮೇಲಿಂದ ತೋಳು ಹಿಡಿದು ಜಗ್ಗಬೇಡಿ, ಹೆಗಲ ಕೀಲು ತಪ್ಪಬಹುದು, ನೀವೂ ಜೊತೆಗೆ ಬೀಳಬಹುದು. ಕೆಳಗೆ, ಅವರ ಬಲಹೀನ ಕಾಲಿನ ಪಕ್ಕ ನಿಂತು ಸೊಂಟಕ್ಕೆ ಕೈ ಆಸರೆ ಕೊಡಿ. ಅವಸರ ಮಾಡಬೇಡಿ, ತಮಾಷೆ ಮಾಡಬೇಡಿ.

ಟ್ರ್ಯಾಕ್ಟರ್ ಟ್ರೇಲರ್ ಮತ್ತು ನಮ್ಮ ಹೆಣ್ಣುಮಕ್ಕಳು

ಕಬ್ಬು ಕಡಿಯಲು, ನಾಟಿಗೆ, ಕಳೆ ಕೀಳಲು ಹೋಗುವ ಅಕ್ಕಂದಿರನ್ನು ಟ್ರೇಲರ್‌ನಲ್ಲಿ ಕರಕೊಂಡು ಹೋಗ್ತಾರೆ. ಟ್ರೇಲರ್ ಇರೋದು ಸರಕಿಗೆ, ಜನಕ್ಕಲ್ಲ. ಅಪಘಾತವಾದರೆ ವಿಮೆ ಕೇಳಲೂ ತೊಡಕಾಗುತ್ತೆ. ಬಸ್ಸು, ಟೆಂಪೋ ವ್ಯವಸ್ಥೆ ಮಾಡಿ ಅಂತ ಸಂಘದ ಮೂಲಕ ಕೇಳಿ. ಕೆಲಸಕ್ಕಾಗಿ ನಿಂತ ಟ್ರೇಲರ್ ಹತ್ತಲೇಬೇಕಾದರೂ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಮೇಲೆ ಕಾಲಿಟ್ಟು ಎಂದೂ ಹತ್ತಬೇಡಿ. ಟ್ರ್ಯಾಕ್ಟರ್ ಒಂದು ಅಡಿ ಕದಲಿದರೆ ಕಾಲು ನುಜ್ಜುಗುಜ್ಜು. ಹಿಂದಿನಿಂದ, ಮೆಟ್ಟಿಲು ಇಟ್ಟೇ ಹತ್ತಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿಯಿರಿ. ಬಸುರಿಯರನ್ನು, ಅಜ್ಜಿಯರನ್ನು ಹತ್ತಿಸಲೇಬೇಡಿ, ಅವರಿಗೆ ನೆಲದ ಮೇಲಿನ ಕೆಲಸ ಕೊಡಿ.

ಯಾರಾದರೂ ಬಿದ್ದರೆ

ಬಿದ್ದವರನ್ನು ಗಡಿಬಿಡಿಯಲ್ಲಿ ಎತ್ತಿ ಕೂರಿಸಬೇಡಿ. ಕುತ್ತಿಗೆ, ಬೆನ್ನು ನೋವು ಅಂದರೆ, ಕೈಕಾಲು ಜೋಮು ಅಂದರೆ, ಪ್ರಜ್ಞೆ ತಪ್ಪಿದ್ದರೆ ಇದ್ದ ಹಾಗೇ ಬಿಟ್ಟು ತಲೆ ಅಲ್ಲಾಡದ ಹಾಗೆ ಹಿಡಿದು 108ಕ್ಕೆ ಫೋನ್ ಮಾಡಿ. ಉಸಿರಾಡ್ತಾ ಇದ್ದಾರಾ ಅಂತ ನೋಡ್ತಾ ಇರಿ. ಆಟೋದಲ್ಲಿ ಮಡಚಿ ಹಾಕಿಕೊಂಡು ಹೋದರೆ ಉಳಿಯಬಹುದಾದ ಕಾಲೂ ಹೋಗಬಹುದು.

ಆಸ್ಪತ್ರೆ ಚೀಟಿಯಲ್ಲಿ "ಲೋಡ್ ಮಾಡುವಾಗ ಲಾರಿಯಿಂದ ಬಿದ್ದದ್ದು" ಅಂತ ಬರೆಸಿ. ಲಾರಿ ನಂಬರು, ಯಾರ ಮಾಲು, ಯಾರು ಕರೆದರು, ದಿನ, ಹೊತ್ತು, ಜೊತೆಯಲ್ಲಿದ್ದವರ ಹೆಸರು ಒಂದು ಹಾಳೆಯಲ್ಲಿ ಅವತ್ತೇ ಬರೆದಿಡಿ. ಯಾಕೆಂದರೆ ನಾಳೆ ವರ್ತಕರು ಲಾರಿ ಮಾಲೀಕರನ್ನು ತೋರಿಸ್ತಾರೆ, ಲಾರಿ ಮಾಲೀಕರು ಮೇಸ್ತ್ರಿಯನ್ನು ತೋರಿಸ್ತಾರೆ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿ 1923ರಿಂದ ಇದೆ. 2025ರ ನವೆಂಬರ್ 21ರಿಂದ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಹಮಾಲರು ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಬಿದ್ದ ಮೇಲಲ್ಲ, ಈಗಲೇ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿದೆ. ಪೋಲಿಯೋ ಕಾಲು, ಅಪಘಾತದಲ್ಲಿ ಕಳಕೊಂಡ ಕಾಲು ಚಲನೆಯ ಅಂಗವಿಕಲತೆಯಲ್ಲಿ ಬರುತ್ತೆ. ಶೇಕಡಾ 40 ಅಥವಾ ಹೆಚ್ಚು ಇದ್ದರೆ ಹಲವು ಸೌಲಭ್ಯಗಳಿವೆ. ಯುಡಿಐಡಿ ಕಾರ್ಡ್ ಮಾಡಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅರ್ಜಿ ತುಂಬಲು ನಮ್ಮ ಸಂಸ್ಥೆಯ ಕಾರ್ಯಕರ್ತರೂ ಸಹಾಯ ಮಾಡ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ನಾವು ಕೇಳೋದಿಲ್ಲ.

ನಾಲ್ವರ ಕೆಲಸ

ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ಮನುಷ್ಯನ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಅಂಗವಿಕಲರಿಗೆಂದೇ ಒಂದು ಭಾಗ ಇಟ್ಟಿದ್ದಾರೆ. ಅವರೂ ಪೂರ್ಣ ಮನುಷ್ಯರು, ಅವರ ಶಕ್ತಿಗೆ ತಕ್ಕಂತೆ ದುಡಿಯಲು ಅನುಕೂಲ ಮಾಡಿಕೊಡೋದು ಸಮಾಜದ ಹೊಣೆ ಅನ್ನುವುದು ಅದರ ಸಾರ. ಅದಕ್ಕೂ ಎಷ್ಟೋ ಹಿಂದೆ ಧರ್ಮೋಪದೇಶಕಾಂಡದಲ್ಲಿ ಒಂದು ಕಟ್ಟಳೆ ಇದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತ ತಡೆಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಆ ಮನೆಯದು. ಬಿದ್ದವನು ಎಚ್ಚರ ತಪ್ಪಿದ ಅಂತ ಅಲ್ಲಿ ಹೇಳಿಲ್ಲ. ಗೋಡೆ ಕಟ್ಟದವನನ್ನು ಕೇಳಿದೆ. ಗಾಡಿ ಮಾಲೀಕರು ದಯಮಾಡಿ ಇದನ್ನು ಯೋಚಿಸಿ.

ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯ ನಮಗೆಲ್ಲ ಗೊತ್ತು. ನಡೆಯಲಾಗದ ಒಬ್ಬನನ್ನು ನಾಲ್ಕು ಜನ ಹೊತ್ತು ತರ್ತಾರೆ. ಬಾಗಿಲಲ್ಲಿ ಜನಸಂದಣಿ. ಆಗ ಅವರು "ನಿನ್ನ ಕೈಲಿ ಆಗಲ್ಲ, ಮನೆಗೆ ಹೋಗು" ಅನ್ನಲಿಲ್ಲ. ಅವನನ್ನು ಮಾಳಿಗೆ ಮೇಲೆ ಏರಿಸಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಯೇಸುಸ್ವಾಮಿಯ ಮುಂದೆ ಇಳಿಸಿದರು. ಬೀಳಿಸದೆ ಹತ್ತಿಸಿ, ಬೀಳಿಸದೆ ಇಳಿಸಿದರು. ಪ್ರಭು ನೋಡಿದ್ದು ಆ ಜನರ ನಂಬಿಕೆಯನ್ನು ಅಂತ ಶುಭಸಂದೇಶಕಾರ ಬರೆದಿದ್ದಾನೆ. ನಮ್ಮ ಗ್ಯಾಂಗಿನಲ್ಲೂ ಅಂಥ ನಾಲ್ಕು ಜನ ಇದ್ದರೆ ಸಾಕು.

ಮನೆಗೆ ಹೋಗುವಾಗ ಇಷ್ಟನ್ನು ನೆನಪಿಡಿ:

1. ಗಾಡಿ ಪೂರ್ತಿ ನಿಂತ ಮೇಲೆ, ಚಾಲಕನಿಗೆ ಹೇಳಿ ಹತ್ತಿ.
2. ಕೈ ಖಾಲಿ ಇರಲಿ. ಯಾವಾಗಲೂ ಮೂರು ಆಸರೆ.
3. ಮುಖ ಗಾಡಿಯ ಕಡೆ. ಹಾರಬೇಡಿ.
4. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.
5. ಟೈರ್, ಹಗ್ಗ, ಕೊಂಡಿ ಬೇಡ. ಮೆಟ್ಟಿಲು, ಹಿಡಿ ಬೇಕು.
6. ಸಹಾಯ ಮಾಡುವ ಮೊದಲು ಕೇಳಿ.
7. ನೋವಿದ್ದರೆ ಮುಚ್ಚಿಡಬೇಡಿ. ಹೇಳಿದವರನ್ನು ಕೆಲಸದಿಂದ ಬಿಡಿಸಬೇಡಿ.

ಮುಂದಿನ ತಿಂಗಳ ಸಂಘದ ಸಭೆಗೆ ಬರುವಾಗ ನಿಮ್ಮ ಗಾಡಿಯ ಬಾಡಿ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪು ಹಿಡಿದು ಅಳೆದು ಬರೆದು ತನ್ನಿ. ಮೆಟ್ಟಿಲು ಹೇಗೆ ಮಾಡಿಸೋದು ಅಂತ ಅಲ್ಲೇ ಕೂತು ತೀರ್ಮಾನ ಮಾಡೋಣ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಕಾಪಾಡಲಿ. ನಮಸ್ಕಾರ.